ಹೊಸ ಮುಖದ ಬೆಳ್ಳಿ

ಚಕ್ರವರ್ತಿಗಳು ಎಲ್ಲೋ ದೂರದಲ್ಲಿ ಸಾಯುತ್ತಾರೆ, ಮೈ ಮುರಿಯುವ ಕೆಲಸ ಬಂದು ಬೀಳುವುದು ಟಂಕಸಾಲೆಯವರ ಮೇಲೆ. ಅಂತಿಯೋಕ್ಯದ ಟಂಕಸಾಲೆಯಲ್ಲಿ ಸುತ್ತಿಗೆ ಬೀಸುತ್ತಲೇ ತಲೆ ನರೆತ ಬರ್ಲಾಹನಿಗೆ ಇದು ಚೆನ್ನಾಗಿ ಗೊತ್ತಿತ್ತು. ಸತ್ತವನು ಒಳ್ಳೆಯವನೋ ಕೆಟ್ಟವನೋ ಎಂದು ಅವನು ಯಾವತ್ತೂ ವಿಚಾರಿಸಿದವನಲ್ಲ. ಹಳೆಯ ಅಚ್ಚು ಕಿತ್ತು, ಹೊಸ ಅಚ್ಚು ಕೂರಿಸಿ, ಹೊಸ ದೊರೆ ದಂಡಿನವರಿಗೆ ಹಂಚುವ ಉಡುಗೊರೆಗೆ ಸಾಕಾಗುವಷ್ಟು ಬೆಳ್ಳಿ ನಾಣ್ಯ ಹೊಡೆದು ಮುಗಿಸುವ ತನಕ ರಟ್ಟೆಗೆ ಬಿಡುವಿಲ್ಲ. ಅಷ್ಟೇ ಅವನಿಗೆ ತಿಳಿದ ರಾಜಕೀಯ.

ಆ ಬೆಳಿಗ್ಗೆ ಮಾತ್ರ ಚಕ್ರವರ್ತಿ ಬದುಕಿರುವುದು ಅವನಿಗೆ ಬೇಕಾಗಿತ್ತು.

ಅವನ ಮಗಳು ಶಲ್ಮತ್ ಹಿಂದಿನ ಸಂಜೆಯಿಂದ ಸಂತೆಚೌಕದಲ್ಲಿ ಚಕ್ರವರ್ತಿಯ ಅಮೃತಶಿಲೆಯ ಪ್ರತಿಮೆಯ ಕಾಲ ಬುಡದಲ್ಲಿ ಕೂತಿದ್ದಳು. ಮಗಳು ಎಂದು ಅವನು ಹೇಳಿಕೊಳ್ಳಬೇಕು, ಅಷ್ಟೇ. ಬರ್ಲಾಹ ಟಂಕಸಾಲೆಯ ದಾಸ, ಎಂದರೆ ಚಕ್ರವರ್ತಿಯ ಆಸ್ತಿ. ಅವಳ ತಾಯಿ ಎಣ್ಣೆ ವ್ಯಾಪಾರಿ ಯುಬೂಲನ ದಾಸಿಯಾಗಿದ್ದು ಅವನ ಮನೆಯಲ್ಲೇ ಸತ್ತಳು. ದಾಸಿಯ ಹೊಟ್ಟೆಯಲ್ಲಿ ಹುಟ್ಟಿದ್ದೆಲ್ಲ ದಾಸಿಯ ಒಡೆಯನಿಗೆ ಸೇರಿದ್ದು. ಅಪ್ಪ ಎಂಬ ಮಾತಿಗೆ ಅಲ್ಲಿ ಕವಡೆ ಕಾಸಿನ ಕಿಮ್ಮತ್ತಿಲ್ಲ. ಆ ಯುಬೂಲ ಈಗ ಶಲ್ಮತ್‌ಳನ್ನು ಸೆಲೂಕ್ಯ ಬಂದರಿನ ಸೂಳೆಮನೆಯವನಿಗೆ ಮಾರಲು ಮಾತಾಡಿ ಮುಗಿಸಿದ್ದ. ಹೋಗುವುದಿಲ್ಲ ಎಂದಾಗ ಅವಳ ಎಡಗೈ ಮೇಲೆ ಕಾದ ಎಣ್ಣೆ ಸುರಿದ. ಅವಳು ಕಿರುಚಿಕೊಂಡು ಓಡಿ ಬಂದು ಪ್ರತಿಮೆಯ ಕಾಲು ಹಿಡಿದಳು. ಬಲಗೈಯಲ್ಲಿ ಬರ್ಲಾಹ ಎಂದೋ ಕೊಟ್ಟಿದ್ದ ಒಂದು ಬೆಳ್ಳಿ ನಾಣ್ಯವಿತ್ತು.

ಚಕ್ರವರ್ತಿಯ ಮುಖವನ್ನು ಹಿಡಿದ ದಾಸನ ಮೇಲೆ ಕೈ ಮಾಡಿದರೆ ಅದು ಚಕ್ರವರ್ತಿಯ ಮೇಲೇ ಕೈ ಮಾಡಿದಂತೆ. ಕಲ್ಲಿನ ಮುಖವಾದರೂ ಸರಿ, ನಾಣ್ಯದ ಮೇಲಿನ ಮುಖವಾದರೂ ಸರಿ. ನಾಣ್ಯ ಹಿಡಿದಿದ್ದ ಆಳಿಗೆ ಕಪಾಳಕ್ಕೆ ಬಿಗಿದು ಮನೆಮಠ ಕಳೆದುಕೊಂಡ ಒಬ್ಬ ಒಡೆಯನ ಕಥೆ ಊರಿನ ಎಲ್ಲ ದಾಸರ ಬಾಯಲ್ಲೂ ಇತ್ತು. ಹಾಗೆ ಮೊರೆಹೊಕ್ಕವರ ದೂರನ್ನು ಅಧಿಕಾರಿ ಕೇಳಬೇಕು. ಒಡೆಯನದು ಅನ್ಯಾಯವೆಂದು ಕಂಡರೆ ಬೇರೆ ಮನೆಗೆ ಮಾರಿಸಬೇಕು. ದಾಸರಿಗೆ ಈ ಲೋಕದಲ್ಲಿ ಸಿಗುವ ನ್ಯಾಯ ಇಷ್ಟೇ, ಅದೂ ಆ ಮುಖದ ದಯೆಯಿಂದ.

"ಬರ್ಲಾಹಣ್ಣ, ನಿನ್ ಮಗಳು ಅಲ್ಲೇ ಇದಾಳೆ ಕಣಣ್ಣ," ಎಂದ ಎದುರಿಗೆ ಕೂತ ಯರ್ಹಾಯ್. ಅಚ್ಚಿನ ಮೇಲೆ ಮುಖ ಮೂಡದ ಬಿಲ್ಲೆ ಇಡುವವನು ಅವನು, ಸುತ್ತಿಗೆ ಬೀಳುವ ಮೊದಲು ಬೆರಳು ಎಳೆದುಕೊಳ್ಳುವುದೇ ಅವನ ಜೀವಮಾನದ ವಿದ್ಯೆ. "ನನ್ನೆಂಡ್ತಿ ಬೆಳಿಗ್ಗೆ ರೊಟ್ಟಿ, ಎರಡು ಆಲಿವ್ ಕಾಯಿ ಕೊಟ್ಟು ಬಂದ್ಲು."

"ತಿಂದ್ಲಂತಾ?"

"ಸುಟ್ಟ ಕೈಯಲ್ಲೇ ತಿಂದ್ಲಂತೆ. ಬಲಗೈ ಮುಷ್ಟಿ ಬಿಚ್ಚಲೇ ಇಲ್ವಂತೆ. ಯುಬೂಲನ ಆಳುಗಳು ಹಗ್ಗ ಹಿಡ್ಕೊಂಡು ಎದುರಿಗೇ ಕೂತವ್ರೆ."

ಬರ್ಲಾಹ ಸುತ್ತಿಗೆ ಎತ್ತಿದ. ಮಗಳು ಗೆದ್ದಳು ಎಂದೇ ಅವನ ಲೆಕ್ಕಾಚಾರ. ಮಧ್ಯಾಹ್ನದ ಹೊತ್ತಿಗೆ ಅಧಿಕಾರಿ ಚೌಕಕ್ಕೆ ಬರುತ್ತಾನೆ, ಬೆಂದ ಕೈ ನೋಡಿದರೆ ಎಂಥವನಿಗೂ ತಿಳಿಯುತ್ತದೆ.

ಅಷ್ಟರಲ್ಲಿ ಟಂಕಸಾಲೆಯ ಮೇಸ್ತ್ರಿ ಇಬ್ಬರು ಸಿಪಾಯಿಗಳ ಜೊತೆ ಒಳಗೆ ಬಂದು ಚಪ್ಪಾಳೆ ತಟ್ಟಿದ.

"ಲೋ, ನಿಲ್ಸ್ರೋ ಕೆಲಸ! ಹಳೇ ಅಚ್ಚೆಲ್ಲ ಕೆಳಗಿಡಿ. ಅವನ ಕಥೆ ಮುಗೀತು. ಅವನ ದಂಡಿನವರೇ ಗುಡಾರದಲ್ಲಿ ಕಡಿದು ಹಾಕಿದ್ರಂತೆ. ಇವತ್ತಿಂದ ಹೊಸಬರು."

"ಹೊಸಬರು ಅಂದ್ರೆ ಯಾರು ಸ್ವಾಮಿ?" ಎಂದ ಯರ್ಹಾಯ್.

"ಯಾರಾದ್ರೆ ನಿನಗೇನೋ? ಹೆಣ್ಣು ಕೊಡೋನ ಥರ ವಿಚಾರಿಸ್ತಾನೆ! ಹೊಡೆ ಅಂದ್ರೆ ಹೊಡೀಬೇಕು."

ಎಲ್ಲರೂ ನಕ್ಕರು. ಬರ್ಲಾಹ ಮಾತ್ರ ನಗಲಿಲ್ಲ. ಸುದ್ದಿ ಬಂದು ಆಗಲೇ ಒಂದೆರಡು ದಿನವಾಗಿತ್ತು, ಹೊಸ ಅಚ್ಚು ತಯಾರಾಗಲಿ ಎಂದು ದೊಡ್ಡವರು ಬಾಯಿ ಮುಚ್ಚಿಕೊಂಡಿದ್ದರು. ಉಡುಗೊರೆ ಕೈಗೆ ಬರದೆ ಸಿಪಾಯಿಗಳು ಯಾರಿಗೂ ಜೈಕಾರ ಹಾಕುವುದಿಲ್ಲ. ಅಂದರೆ ಶಲ್ಮತ್ ಸಂಜೆ ಓಡಿ ಹೋಗಿ ಕಾಲು ಹಿಡಿದಾಗಲೇ ಆ ಚಕ್ರವರ್ತಿ ಹೆಣವಾಗಿದ್ದ. ಹೆಣದ ಮುಖ ಯಾರನ್ನೂ ಕಾಯುವುದಿಲ್ಲ. ಇನ್ನು ಆ ನಾಣ್ಯ ಹಿಡಿದು ಕೂತರೆ, ಸತ್ತ ದ್ರೋಹಿಯ ಕಡೆಯವಳು ಎಂದು ಒದ್ದರೂ ಕೇಳುವವರಿಲ್ಲ.

ಅಚ್ಚು ಕೊರೆಯುವ ಆಂಡ್ರೋನ ಹೊಸ ಅಚ್ಚು ತಂದು ಏಟು ತಡೆಯುವ ಅಡೆಗಲ್ಲಿನ ಮೇಲೆ ಕೂರಿಸಿದ. ಬರ್ಲಾಹ ಬಗ್ಗಿ ನೋಡಿದ. ಮೂಗು, ಕಿವಿ, ಗದ್ದದ ಕೆಳಗಿನ ಮಡಿಕೆ, ಎಲ್ಲ ಹಳಬನದೇ. ಗಡ್ಡ ಮಾತ್ರ ಹೊಸದು.

"ಇದೇನಯ್ಯಾ, ಅವನೇ ಅಲ್ವಾ ಇವನು?"

"ಮೆತ್ತಗೆ ಮಾತಾಡೋ ಮಾರಾಯ," ಎಂದ ಆಂಡ್ರೋನ. "ಹೊಸಬನ ಚಿತ್ರ ಇನ್ನೂ ದಾರೀಲಿದೆ. ಗಡ್ಡ ಇದೆ ಅಂತ ಯಾರೋ ಅಂದ್ರು, ಹಳಬನಿಗೇ ಗಡ್ಡ ಬಿಟ್ಟೆ. ಸುತ್ತ ಹೆಸರು ಹೊಸದು, ಸಾಕು. ಆ ಚಿತ್ರ ಊರಿಗೆ ಬರೋದ್ರಲ್ಲಿ ಇವನಿರ್ತಾನೋ ಇಲ್ವೋ."

ಬಿಲ್ಲೆಗಳೂ ಬೇರೆಯೇ ಆಗಿದ್ದವು. ಹಳಬನ ಕಾಲದಲ್ಲೇ ಬೆಳ್ಳಿಗೆ ಬೆರೆಸುವ ತಾಮ್ರ ಹೆಚ್ಚುತ್ತಾ ಬಂದಿತ್ತು. ಈಗ ಬೆರಕೆ ಯಾವುದು, ಬೆಳ್ಳಿ ಯಾವುದು ಎಂದು ಕೇಳುವ ಹಾಗಾಗಿತ್ತು. ಬಿಲ್ಲೆಗಳನ್ನು ಹುಳಿನೀರಿನಲ್ಲಿ ಕುದಿಸಿದರೆ ಮೇಲಿನ ತಾಮ್ರ ಕರಗಿ ಮೈ ಬೆಳ್ಳಗಾಗುತ್ತದೆ. ಒಳಗೆ ಕೆಂಪು ಕೆಂಪೇ. ಖಜಾನೆಯಲ್ಲಿ ಬೆಳ್ಳಿ ಇಲ್ಲ, ದಂಡಿನವರ ಆಸೆಗೆ ಮಿತಿಯಿಲ್ಲ. ಮೇಸ್ತ್ರಿಗೆ ಮೇಲಿನಿಂದ ಹುಕುಂ ಬಂದಿತ್ತು, ಅವನು ಕಣ್ಣು ಮುಚ್ಚಿ ತಾಮ್ರ ಸುರಿಸಿದ್ದ.

"ಹೊಡೆದಾದ ಮೇಲೆ ಒಬ್ಬ ಹೊರಗೆ ಬರಬೇಕು," ಎಂದ ಮೇಸ್ತ್ರಿ. "ಹಳೇ ಅಚ್ಚುಗಳನ್ನ ಜನರ ಕಣ್ಣೆದುರಿಗೇ ಒಡೀಬೇಕಂತೆ, ಪ್ರತಿಮೆ ತಲೆ ತೆಗೆಯೋ ಹೊತ್ತಿಗೇ. ಯಾರು ಬರ್ತೀರಿ?"

"ನಾನು," ಎಂದ ಬರ್ಲಾಹ. ತನ್ನ ದನಿ ತನಗೇ ಜೋರಾಗಿ ಕೇಳಿಸಿತು.

ಸುತ್ತಿಗೆ ಬೀಳತೊಡಗಿತು. ಬಿಲ್ಲೆ, ಏಟು, ಬಿಲ್ಲೆ, ಏಟು. ಗಡ್ಡದ ಮುಖಗಳು ತಟ್ಟೆಗೆ ಉದುರುತ್ತಿದ್ದವು. ಮೇಸ್ತ್ರಿ ಕಣ್ಣು ಕದಲಿಸದೆ ನೋಡುತ್ತಿದ್ದ. ಬರ್ಲಾಹ ಏಟಿನ ಸದ್ದಿನ ನಡುವೆ, ತುಟಿ ಅಲ್ಲಾಡಿಸದೆ, "ಯರ್ಹಾಯ್, ಒಂದು ನನ್ನ ಕಾಲ ಹತ್ರ ಬೀಳ್ಲಿ," ಎಂದ.

ಯರ್ಹಾಯ್‌ನ ಮುಖದ ಬಣ್ಣ ಹೋಯಿತು. ಟಂಕಸಾಲೆಯಿಂದ ಒಂದು ನಾಣ್ಯ ಹೊರಗೆ ಹೋದರೆ ಏನಾಗುತ್ತದೆ ಎಂದು ಇಬ್ಬರೂ ನೋಡಿದ್ದರು. ಆದರೆ ಅವನಿಗೂ ಹೆಣ್ಣುಮಕ್ಕಳಿದ್ದರು. ಸಿಪಾಯಿಯೊಬ್ಬ ಮೇಸ್ತ್ರಿಯನ್ನು ಏನೋ ಕೇಳಿದ ಹೊತ್ತಿನಲ್ಲಿ ಒಂದು ನಾಣ್ಯ ತಟ್ಟೆಯ ಅಂಚು ತಪ್ಪಿ ಬಿತ್ತು, ಬರ್ಲಾಹ ಅದನ್ನು ಪಾದದಡಿ ಮುಚ್ಚಿದ. ಆಮೇಲೆ ಬೆವರು ಒರೆಸುವ ನೆಪದಲ್ಲಿ ಬಗ್ಗಿ, ಸುತ್ತಿಗೆಯ ಹಿಡಿಗೆ ಸುತ್ತಿದ್ದ ತೊಗಲಿನ ಪಟ್ಟಿಯನ್ನು ಸಡಿಲಿಸಿ, ಒಳಗೆ ತೂರಿಸಿ ಬಿಗಿದ.

ಬಾಗಿಲಲ್ಲಿ ಕಾವಲುಗಾರರು ಎಂದಿನಂತೆ ಬಟ್ಟೆ ಬಿಚ್ಚಿಸಿದರು. ಬಾಯಿ ತೆರೆಸಿ ನಾಲಗೆ ಎತ್ತಿಸಿದರು, ಕಂಕುಳು, ಕೂದಲು, ಎಲ್ಲ ತಡಕಿದರು. "ಮುದುಕಾ, ಒಳಗೆ ಏನೂ ಉಳಿದಿಲ್ವಲ್ಲೋ ನಿಂದು," ಎಂದು ಒಬ್ಬ ಬೆನ್ನ ಮೇಲೆ ತಟ್ಟಿದ. ಗೋಡೆಗೆ ಒರಗಿಸಿದ್ದ ಸುತ್ತಿಗೆಯನ್ನು ಯಾರೂ ಮುಟ್ಟಲಿಲ್ಲ.

ಚೌಕದಲ್ಲಿ ಜಾತ್ರೆಯಂಥ ಜನ. ನಿನ್ನೆ ತನಕ ಆ ಪ್ರತಿಮೆಯ ಮುಂದೆ ಧೂಪ ಹಾಕುತ್ತಿದ್ದವರೇ ಈಗ ಒರೊಂಟಿಸ್ ಹೊಳೆಯ ಕೆಸರನ್ನು ಬುಟ್ಟಿಯಲ್ಲಿ ತಂದು ಎರಚುತ್ತಿದ್ದರು. ಜನಕ್ಕೆ ನಾಚಿಕೆ ಎಂಬುದು ಇದ್ದರೆ ತಾನೆ. ಇಬ್ಬರು ಕಲ್ಲುಕುಟಿಗರು ಏಣಿ ಹತ್ತಿ ಕುತ್ತಿಗೆಗೆ ಉಳಿ ಇಟ್ಟಿದ್ದರು. "ಮೈ ಇರ್ಲಿ ಬುದ್ಧಿ, ತಲೆ ಒಂದು ಬದಲಾಯ್ಸಿದ್ರೆ ಹೊಸಬರೇ ಆಗೋಗ್ತಾರೆ," ಎಂದು ಕೆಳಗೆ ನಿಂತ ಶತಾಧಿಪತಿಗೆ ಹೇಳುತ್ತಿದ್ದರು. ಶತಾಧಿಪತಿಯ ಹೆಸರು ವಿಬಿದಿಯ. ರಾಜ್ಯಪಾಲ ರಾತ್ರೋರಾತ್ರಿ ಓಡಿಹೋಗಿದ್ದ, ಈಗ ಊರಿನ ಕಾನೂನೆಲ್ಲ ಇವನ ಬಾಯಲ್ಲೇ. ನಿದ್ದೆಗೆಟ್ಟ ಕಣ್ಣು, ಸುತ್ತ ಉಡುಗೊರೆಗೆ ಕಾದು ಸಿಟ್ಟಾಗಿದ್ದ ಸಿಪಾಯಿಗಳು. ಅವನಿಗೂ ಅವರ ಭಯವಿತ್ತು.

ಪ್ರತಿಮೆಯ ಬುಡದಲ್ಲಿ, ಮೈಮೇಲೆಲ್ಲ ಕಲ್ಲಿನ ಪುಡಿ ಸುರಿಸಿಕೊಂಡು ಶಲ್ಮತ್ ಮುದುಡಿ ಕೂತಿದ್ದಳು. ಅಪ್ಪನನ್ನು ನೋಡಿ ಬಾಯಿ ತೆರೆದಳು. ಬರ್ಲಾಹ ಕಣ್ಣಿನಲ್ಲೇ ಗದರಿಸಿದ. ಅವಳ ಪಕ್ಕದಲ್ಲೇ ಅಡೆಗಲ್ಲು ಇಟ್ಟು, ಅಚ್ಚುಗಳನ್ನು ಸುರಿದು, "ಥೂ, ಪಟ್ಟಿ ಬೇರೆ ಸಡಿಲ ಆಗಿದೆ," ಎಂದು ಗೊಣಗುತ್ತಾ ಕುಕ್ಕರುಗಾಲಲ್ಲಿ ಕೂತ. ಪಟ್ಟಿಯಿಂದ ನಾಣ್ಯ ತೆಗೆದು ಅವಳ ಕಾಲಿನ ಹೆಬ್ಬೆರಳಿಗೆ ತಾಗುವಂತೆ ಇಟ್ಟು ಪಿಸುಗುಟ್ಟಿದ.

"ಕೈಲಿರೋದನ್ನ ಬಿಡು. ಇದನ್ನ ಹಿಡ್ಕೋ."

"ನೀನೇ ಅಲ್ವೇನಪ್ಪ, ಏನೇ ಆದ್ರೂ ಬಿಡಬೇಡ ಅಂದಿದ್ದು?"

"ಆ ಮುಖ ಸತ್ತೋಗಿದೆ ಮಗಳೇ. ಬೇಗ."

ಅವಳ ಬೆರಳುಗಳು ಮರಗಟ್ಟಿದ್ದವು, ಬಿಚ್ಚಲು ಒದ್ದಾಡಿದಳು. ಹಳೆಯದು ಜಾರಿ ಬಿದ್ದೊಡನೆ ಬರ್ಲಾಹ ಅದನ್ನು ಅಚ್ಚಿನಡಿ ಸೇರಿಸಿ ಸುತ್ತಿಗೆ ಬೀಸಿದ. ಅಚ್ಚೂ ನಾಣ್ಯವೂ ಒಟ್ಟಿಗೇ ಜಜ್ಜಿಹೋದವು. ಮೇಲಿಂದ ಹಗ್ಗ ಎಳೆದರು, ಕಲ್ಲಿನ ತಲೆ ಕೆಳಗೆ ಬಿದ್ದು ಮೂಗು ಮುರಿದುಕೊಂಡು ಉರುಳಿತು. ಜನ ಹೋ ಎಂದರು.

ಯುಬೂಲ ಇದಕ್ಕೇ ಕಾದಿದ್ದ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮುಂದೆ ಬಂದ. "ಇನ್ನೇನಮ್ಮಾ ತಾಯಿ? ನಿನ್ನ ಧಣಿಯ ತಲೆ ಉರುಳ್ತಲ್ಲ, ಎದ್ದೇಳು. ಬಂದರಿನಲ್ಲಿ ನಿನಗೆ ಬೇಕಾದಷ್ಟು ಧಣಿಗಳು ಸಿಕ್ತಾರೆ." ಆಳುಗಳು ಹಗ್ಗ ಬಿಚ್ಚಿದರು.

ಶಲ್ಮತ್ ಎದ್ದು ನಿಂತು ಅಂಗೈ ಬಿಚ್ಚಿದಳು. "ನಾನು ಚಕ್ರವರ್ತಿಗಳ ಮುಖ ಹಿಡಿದಿದ್ದೀನಿ," ಎಂದಳು. ಅದು ಇಡೀ ಚೌಕಕ್ಕೆ ಕೇಳಿಸಿತು. "ಹೊಸ ಚಕ್ರವರ್ತಿಗಳದ್ದು."

ವಿಬಿದಿಯ ಬಂದು ನಾಣ್ಯ ತೆಗೆದುಕೊಂಡು ಬಿಸಿಲಿಗೆ ಹಿಡಿದ. ಅವನೂ ಆ ದೊರೆಯನ್ನು ಜನ್ಮದಲ್ಲಿ ನೋಡಿರಲಿಲ್ಲ. ಸುತ್ತಲಿನ ಹೆಸರನ್ನು ನಿಧಾನವಾಗಿ ಓದಿ, "ಹೌದು. ಇವರೇ," ಎಂದ. ಸಿಪಾಯಿಗಳು ನುಗ್ಗಿ ಬಂದರು. "ಇದೇನಾ ನಮಗೆ ಕೊಡೋದು? ತೋರ್ಸಿ, ತೋರ್ಸಿ!"

"ಸ್ವಾಮಿ, ಸ್ವಲ್ಪ ಇಲ್ಲಿ ಕೊಡಿ," ಎಂದ ಯುಬೂಲ. ಹುಟ್ಟಿದಾಗಿನಿಂದ ನಾಣ್ಯ ಎಣಿಸಿದ ಬೆರಳುಗಳು ಅವನವು. ಒಮ್ಮೆ ಉಜ್ಜಿ ನೋಡಿ, ಸೊಂಟದ ಚೂರಿ ತೆಗೆದು ಅಂಚನ್ನು ಗೀರಿದ. ಕೆಂಪು ಗೆರೆ ಎದ್ದಿತು. "ನೋಡಿ! ತಾಮ್ರ! ಖೋಟಾ ನಾಣ್ಯ ಸ್ವಾಮಿ ಇದು. ಚಕ್ರವರ್ತಿಗಳ ಮುಖ ಹಾಕಿ ಖೋಟಾ ಹೊಡೆದವ್ರೆ. ಈ ಮುಂಡೆ ನನಗೂ ಬೇಡ, ಮೃಗಗಳ ಬೋನಿಗೆ ಎಸೀರಿ!"

ಬರ್ಲಾಹ ಮುಖ, ಹೆಸರು, ಎಲ್ಲ ಯೋಚಿಸಿದ್ದ. ಒಳಗಿನ ತಾಮ್ರ ಅವನ ತಲೆಗೆ ಹೊಳೆದೇ ಇರಲಿಲ್ಲ. ದಿನವೂ ತಾಮ್ರ ಬೆರೆತದ್ದನ್ನೇ ಹೊಡೆಯುತ್ತಿದ್ದವನಿಗೆ ಅದೇ ಬೆಳ್ಳಿ ಎನ್ನುವ ಹಾಗಾಗಿಹೋಗಿತ್ತು. ಎಂಥ ಕೆಲಸ ಮಾಡಿದೆ ನಾನು, ಮಗಳ ಕೈಗೆ ಸಾವನ್ನೇ ಕೊಟ್ಟೆನಲ್ಲ ಎಂದುಕೊಂಡ. ಖೋಟಾ ಎಂದು ತೀರ್ಮಾನವಾದರೆ ಬಂದರಿನ ಮನೆಯೇ ವಾಸಿ ಎನ್ನಿಸುವಂಥ ಗತಿ ಕಾದಿತ್ತು.

ಅವನು ಸುತ್ತಿಗೆ ಕೆಳಗಿಟ್ಟು ಮುಂದೆ ಬಂದ. "ಖೋಟಾ ಅಲ್ಲ ಸ್ವಾಮಿ. ಟಂಕಸಾಲೆಯದೇ. ಬೆಳಿಗ್ಗೆ ನಾನೇ ಹೊಡೆದದ್ದು, ಈ ಕೈಯಲ್ಲೇ."

ಆ ಮಾತಿನ ಅರ್ಥ ಮೊದಲು ಹೊಳೆದದ್ದು ಸಿಪಾಯಿಗಳಿಗೆ. "ಟಂಕಸಾಲೆಯದೇ ಅಂದ್ರೆ?" ಎಂದ ಒಬ್ಬ. "ಹಾಗಾದ್ರೆ ನಮಗೆ ಹಂಚೋದೂ ತಾಮ್ರಾನೇ?" ಇನ್ನೊಬ್ಬ ಗುರಾಣಿಯನ್ನು ಕತ್ತಿಯ ಹಿಡಿಯಿಂದ ಬಡಿದ. ಇನ್ನೂ ನಾಲ್ಕು ಜನ ಬಡಿದರು. ಒಬ್ಬ ಚಕ್ರವರ್ತಿಯ ತಲೆ ಹಾರಿಸಿದವರು ಶತಾಧಿಪತಿಯ ತಲೆಗೆ ಹಿಂದೆಮುಂದೆ ನೋಡುತ್ತಾರೆಯೇ? ವಿಬಿದಿಯನ ಹಣೆಯಲ್ಲಿ ಬೆವರು ಕಾಣಿಸಿತು.

ಅವನು ಬರ್ಲಾಹನನ್ನು ಅಡಿಯಿಂದ ಮುಡಿಯ ತನಕ ನೋಡಿದ. ಆ ನೋಟ ಬರ್ಲಾಹನಿಗೆ ಚೆನ್ನಾಗಿ ಅರ್ಥವಾಯಿತು. ದೊಡ್ಡವರಿಗೆ ಹೊರೆ ಇಳಿಸಲು ಯಾರದಾದರೂ ಬೆನ್ನು ಬೇಕಾದಾಗ ಹೀಗೆಯೇ ನೋಡುತ್ತಾರೆ.

"ಚಕ್ರವರ್ತಿಗಳು ಕೊಟ್ಟಿದ್ದು ಅಪ್ಪಟ ಬೆಳ್ಳಿ," ಎಂದ ವಿಬಿದಿಯ ಸಿಪಾಯಿಗಳಿಗೆ ಕೇಳುವಂತೆ. "ಒಳಗೆ ತಾಮ್ರ ಹೇಗೆ ಬಂತು? ಬೆಳ್ಳಿ ಕದ್ದು ತಾಮ್ರ ಬೆರೆಸಿದವರು ಯಾರು? ನೀನೇನೋ?"

ಮೇಸ್ತ್ರಿ ಜನರ ನಡುವೆ ತಲೆ ತಗ್ಗಿಸಿ ನಿಂತಿದ್ದ. ಹುಕುಂ ಮೇಲಿಂದ ಬಂತು ಎಂದು ಬರ್ಲಾಹ ಹೇಳಬಹುದಿತ್ತು. ಅದು ನಿಜ. ಆ ನಿಜ ಹೇಳಿದರೆ ಚಕ್ರವರ್ತಿಯದೇ ಖೋಟಾ ನಾಣ್ಯ ಎಂದಾಗುತ್ತದೆ. ಅಂಥ ನಾಣ್ಯ ಯಾವ ಹುಡುಗಿಯನ್ನೂ ಕಾಯುವುದಿಲ್ಲ, ಹಾಗೆ ಹೇಳಿದವನ ನಾಲಗೆಯೂ ಬಾಯಲ್ಲಿ ಉಳಿಯುವುದಿಲ್ಲ.

"ಸ್ವಾಮಿ, ಮೊದಲು ಒಂದು ಮಾತು ಹೇಳ್ಬಿಡಿ," ಎಂದ ಅವನು. "ಒಳಗೆ ಏನಾದ್ರೂ ಇರ್ಲಿ. ಆ ಮುಖ ಚಕ್ರವರ್ತಿಗಳದು ತಾನೆ?"

ವಿಬಿದಿಯನೇನು ದಡ್ಡನಲ್ಲ, ಮುದುಕ ಬೆನ್ನು ಕೊಡುವ ಮೊದಲು ಬೆಲೆ ಕೇಳುತ್ತಿದ್ದಾನೆ ಎಂದು ತಿಳಿಯಿತು. "ಮುಖ ಚಕ್ರವರ್ತಿಗಳದು," ಎಂದ. "ಅದಕ್ಕೆ ಅಪಚಾರ ಮಾಡಿದವನಿಗೆ ಉಳಿಗಾಲ ಇಲ್ಲ."

"ಹಾಗಾದ್ರೆ ಅದನ್ನ ಹಿಡಿದೋಳು?"

"ಈ ಕಲ್ಲು ಬಿಟ್ಟು ಕದಲದೆ ಅದನ್ನ ಹಿಡಿದು ಕೂತಿರೋ ತನಕ ಯಾರೂ ಅವಳನ್ನ ಮುಟ್ಟೋ ಹಾಗಿಲ್ಲ. ಹೊಸ ರಾಜ್ಯಪಾಲರು ಬಂದು ದೂರು ಕೇಳ್ತಾರೆ. ಕಲ್ಲು ಬಿಟ್ಟು ಕದಲಿದ್ರೆ ಒಡೆಯನ ಪಾಲು." ಯುಬೂಲನ ಕಡೆ ತಿರುಗಿದ. "ಚಕ್ರವರ್ತಿಗಳ ಮುಖಕ್ಕೆ ಚೂರಿ ಹಾಕಿದವನು ನೀನೇ ಅಲ್ವಾ? ಅದನ್ನ ಮರೀಬೇಕಾದ್ರೆ ಬಾಯಿ ಮುಚ್ಕೊಂಡು ದೂರ ನಿಲ್ಲು."

ಯುಬೂಲ ಎರಡು ಹೆಜ್ಜೆ ಹಿಂದೆ ಸರಿದ. ನಾಣ್ಯ ಮತ್ತೆ ಶಲ್ಮತ್‌ಳ ಅಂಗೈ ಸೇರಿತು.

"ನಾನೇ ಸ್ವಾಮಿ," ಎಂದ ಬರ್ಲಾಹ. "ಬೆಳ್ಳಿ ನಾನೇ ಕದ್ದಿದ್ದು. ನಾನೊಬ್ಬನೇ. ಬೇರೆ ಯಾರಿಗೂ ಗೊತ್ತಿಲ್ಲ."

ವಿಬಿದಿಯ ಸಿಪಾಯಿಗಳಿಗೆ ದಾರಿ ಬಿಟ್ಟ. ಅವರಿಗೆ ಬೇಕಾಗಿದ್ದದ್ದೂ ಅದೇ. ತಮ್ಮ ಬೆಳ್ಳಿ ತಿಂದ ಕಳ್ಳ ಕಣ್ಣೆದುರಿಗೇ ಇದ್ದ. ಮೊದಲ ಏಟು ಮೊಣಕಾಲಿಗೆ ಬಿತ್ತು. ಎರಡನೆಯದಕ್ಕೆ ಅವನು ಕಲ್ಲುಹಾಸಿನ ಮೇಲೆ ಬಿದ್ದ. ದೊಣ್ಣೆಯೂ ಬೂಟುಗಾಲೂ ಒಟ್ಟಿಗೇ ಬೀಳತೊಡಗಿದವು. ಮುದಿ ಮೈ, ಎಲುಬು ಮುರಿದದ್ದು ಅವನ ಕಿವಿಗೇ ಕೇಳಿಸಿತು. ನೋವಿಗಿಂತ ದೊಡ್ಡ ಭಯ ಅವನನ್ನು ಹಿಡಿದದ್ದು ಕಾಲುಗಳ ಸಂದಿಯಲ್ಲಿ ಮಗಳು ಕಂಡಾಗ. ಅವಳು ಕಲ್ಲಿನಿಂದ ಕೈ ತೆಗೆದಿದ್ದಳು. ಒಂದು ಹೆಜ್ಜೆ ಮುಂದಿಟ್ಟಿದ್ದಳು. ಯುಬೂಲನ ಆಳುಗಳು ಹಗ್ಗ ಹಿಡಿದು ಎದ್ದು ನಿಂತಿದ್ದರು.

"ಅಪ್ಪಾ!"

"ಯಾರೇ ನಿನ್ನಪ್ಪ?" ಎಂದು ಅವನು ರಕ್ತ ಉಗುಳುತ್ತಾ ಕೂಗಿದ. "ಬೇವರ್ಸಿ! ದಾಸಿಗೆ ಹುಟ್ಟಿದೋಳಿಗೆ ಅಪ್ಪ ಬೇರೆ! ಹೋಗೇ, ಹೋಗಿ ಕೂತ್ಕೋ ಅಲ್ಲಿ! ನಿನ್ನ ಮುಖ ನೋಡಿದ್ರೆ ಆಗಲ್ಲ ನನಗೆ!"

ಅವಳಿಗೆ ಅವನು ಯಾವತ್ತೂ ಏರುದನಿಯಲ್ಲಿ ಮಾತಾಡಿದವನಲ್ಲ. ಅವಳು ಹೊಡೆಸಿಕೊಂಡವಳಂತೆ ನಿಂತುಬಿಟ್ಟಳು. ಅವನು ಇನ್ನೂ ಬೈದ, ಸತ್ತ ಅವಳ ತಾಯಿಯನ್ನೂ ಸೇರಿಸಿ ಬೈದ. ಸಿಪಾಯಿಗಳು ಅದನ್ನು ಕೇಳಿ ನಕ್ಕರು, ಮತ್ತೆ ಹೊಡೆದರು. ಶಲ್ಮತ್ ಒಂದೊಂದೇ ಹೆಜ್ಜೆ ಹಿಂದೆ ಸರಿದು, ತಲೆಯಿಲ್ಲದ ಪ್ರತಿಮೆಯ ಪಾದದ ಬಳಿ ಕುಸಿದಳು. ಸುಟ್ಟ ಕೈಯಿಂದ ಕಲ್ಲನ್ನು ತಬ್ಬಿ, ಬಲಗೈ ಮುಷ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅವನನ್ನೇ ನೋಡಿದಳು. ಆಳುಗಳು ಮತ್ತೆ ಕೂತರು.

ಸಾಕು ಅಷ್ಟು. ಆದರೆ ಅದು ಎಷ್ಟು ದಿನ? ರಾಜ್ಯಪಾಲ ಬರುವ ಮೊದಲೇ ಆ ಗಡ್ಡದವನನ್ನೂ ಯಾರಾದರೂ ಗುಡಾರದಲ್ಲಿ ಕಡಿದು ಹಾಕಿದರೆ? ಬರ್ಲಾಹನ ಕಣ್ಣು ಮಂಜಾಗುತ್ತಿತ್ತು. ಎಷ್ಟೋ ದೊರೆಗಳ ಮುಖವನ್ನು ಸುತ್ತಿಗೆಯಡಿ ಹಾಕಿದ ಅವನು ಅವರಲ್ಲಿ ಒಬ್ಬನಿಗೂ ಒಳ್ಳೆಯದನ್ನು ಹಾರೈಸಿರಲಿಲ್ಲ. ಈಗ, ಎಲ್ಲಿದ್ದಾನೋ ಹೇಗಿದ್ದಾನೋ ತಿಳಿಯದ ಆ ಮನುಷ್ಯ ಉಂಡುಟ್ಟು ಸುಖವಾಗಿರಲಿ, ಅವನ ದಂಡು ಅವನಿಗೆ ನಿಷ್ಠವಾಗಿರಲಿ, ಅವನು ಬಹಳ ಕಾಲ ಬಾಳಲಿ ಎಂದು ತನಗೆ ಗೊತ್ತಿದ್ದ ದೇವರನ್ನೆಲ್ಲ ಬೇಡಿಕೊಂಡ. ಬೇಡಿಕೊಳ್ಳುತ್ತಿರುವಾಗಲೇ ಯಾರೋ ಅವನದೇ ಸುತ್ತಿಗೆಯನ್ನು ಕೈಗೆತ್ತಿಕೊಂಡರು.